ದುರ್ಗದಿಂದ ದಶರಥ ರಂಗಶಾಲೆಗೆ

ಕಠ್ಮಂಡುವಿಗೆ ಹೋಗುವವರಲ್ಲಿ ಹೆಚ್ಚಿನವರು ಪಶುಪತಿನಾಥನ ದರ್ಶನಕ್ಕೋ ಹಿಮಾಲಯ ನೋಡುವುದಕ್ಕೋ ಹೋಗುತ್ತಾರೆ. ನಾನು ಹೋದದ್ದು ನೇಪಾಳದ ರಾಷ್ಟ್ರೀಯ ಕ್ರೀಡಾಂಗಣವಾದ ದಶರಥ ರಂಗಶಾಲೆಯನ್ನು ನೋಡಲು. ಆ ಹೆಸರು ನನ್ನ ತಲೆಯಲ್ಲಿ ಕುಳಿತದ್ದು 1988ರ ಮಾರ್ಚ್‌ನಲ್ಲಿ. ಆಗಷ್ಟೇ ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಗೆ ದೈಹಿಕ ಶಿಕ್ಷಕನಾಗಿ ಸೇರಿದ್ದೆ. ಫುಟ್‌ಬಾಲ್ ಪಂದ್ಯದ ನಡುವೆ ಆಲಿಕಲ್ಲು ಮಳೆ ಸುರಿದು, ಆಸರೆಗಾಗಿ ಓಡಿದ ಜನ ಬೀಗ ಹಾಕಿದ್ದ ಬಾಗಿಲುಗಳ ಬಳಿ ಸಿಕ್ಕಿಕೊಂಡು 93 ಮಂದಿ ಸತ್ತರೆಂದು ಪತ್ರಿಕೆಯಲ್ಲಿ ಓದಿದೆ. ಅಂದಿನಿಂದ ತಾಲ್ಲೂಕು ಕ್ರೀಡಾಕೂಟಕ್ಕೆ ಹಗ್ಗ ಕಟ್ಟುವಾಗಲೆಲ್ಲ ಆ ಸುದ್ದಿ ನೆನಪಾಗುತ್ತಿತ್ತು. ನಿವೃತ್ತಿಯ ನಂತರ, 2025ರ ಏಪ್ರಿಲ್‌ನಲ್ಲಿ, ಹೋಗುವುದೆಂದು ಗಟ್ಟಿಮಾಡಿದೆ.

ಒಬ್ಬನೇ ಹೋಗಲು ಮನೆಯಲ್ಲಿ ಬಿಡಲಿಲ್ಲ. ಹೆಂಡತಿ ಹೊರಟಳು, ಬೀಗರೂ ಬೀಗಿತ್ತಿಯೂ ಹೊರಟರು. ಬೀಗರು ಸಾರಿಗೆ ಬಸ್ಸಿನ ಚಾಲಕರಾಗಿ ನಿವೃತ್ತರಾದವರು. ಮುಂಬೈ ಮಾರ್ಗದಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿ ಕಲಿತ ಅವರ ಹಿಂದಿ ನಮಗೆಲ್ಲ ಆಧಾರವಾಯಿತು.

ಸೋಮವಾರ

ಹೊರಡುವ ದಿನವೂ ಬೆಳಗಿನ ನಡಿಗೆ ತಪ್ಪಿಸಲಿಲ್ಲ. ದುರ್ಗದ ಕ್ರೀಡಾಂಗಣಕ್ಕೆ ವೀರವನಿತೆ ಒನಕೆ ಓಬವ್ವನ ಹೆಸರಿದೆ. ಬಿಸಿಲೇರುವ ಮೊದಲೇ ಅಲ್ಲಿ ಓಡುವ ಹುಡುಗರು, ಪೊಲೀಸ್ ನೇಮಕಾತಿಗೆ ತಯಾರಾಗುವವರು, ಸಕ್ಕರೆ ಕಾಯಿಲೆಯವರು ಎಲ್ಲರೂ ಸೇರಿರುತ್ತಾರೆ. ಓಬವ್ವನ ಕಥೆ ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಊಟಕ್ಕೆ ಕುಳಿತ ಗಂಡನಿಗೆ ನೀರು ತರಲು ಹೋದವಳು, ಹೈದರಾಲಿಯ ಸೈನಿಕರು ಬಂಡೆಗಳ ನಡುವಿನ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿ ಬರುವುದನ್ನು ಕಂಡು ಒನಕೆ ಹಿಡಿದು ನಿಂತಳು. ಒಬ್ಬ ಮನುಷ್ಯ ಮೈ ಮುದುಡಿ ನುಸುಳುವಷ್ಟೇ ಜಾಗ ಇದ್ದುದರಿಂದ ಒಬ್ಬಳೇ ಹೆಣ್ಣುಮಗಳು ದಂಡನ್ನು ತಡೆದಳು. ಕೋಟೆಯ ದೊಡ್ಡ ಬಾಗಿಲುಗಳೂ ಅಷ್ಟೆ, ಯಾವುದೂ ನೇರವಾಗಿ ಒಳಗೆ ಬಿಡುವುದಿಲ್ಲ. ಒಂದು ತಿರುವು, ಇಕ್ಕಟ್ಟು, ಮತ್ತೊಂದು ತಿರುವು. ಬಂದವರ ವೇಗ ಮುರಿಯಲೆಂದೇ ಪಾಳೆಯಗಾರರು ಹಾಗೆ ಕಟ್ಟಿಸಿದರು. ಆಟದ ಮೈದಾನಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧವಾದ ಬುದ್ಧಿ ಎಂದು, ಶಾಲೆಯ ಮಕ್ಕಳನ್ನು ಕೋಟೆಗೆ ಕರೆದೊಯ್ದಾಗಲೆಲ್ಲ ಹೇಳುತ್ತಿದ್ದೆ.

ಮಧ್ಯಾಹ್ನದ ಬಸ್ಸಿನಲ್ಲಿ ಹಿರಿಯೂರು, ಶಿರಾ, ತುಮಕೂರು ದಾಟಿ ಯಶವಂತಪುರ ಸೇರಿದೆವು. ಅಲ್ಲಿಂದ ಗೋರಖಪುರದ ರೈಲು. ಬೀಗಿತ್ತಿ ಕಟ್ಟಿ ತಂದಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಮೆಣಸಿನಕಾಯಿ ಚಟ್ನಿಯಲ್ಲೇ ಮರುದಿನವೆಲ್ಲ ಕಳೆಯಿತು. ಎಳ್ಳು ಹಚ್ಚಿ ಒಣಗಿಸಿದ ರೊಟ್ಟಿ ಏಪ್ರಿಲ್ ಸೆಕೆಯಲ್ಲೂ ಕೆಡುವುದಿಲ್ಲ. ಅಷ್ಟು ದೂರದ ರೈಲಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ನಾನು ಕಂಡಿಲ್ಲ.

ಬುಧವಾರ

ಗೋರಖಪುರದಿಂದ ಸುನೌಲಿ ಗಡಿಗೆ ಬಸ್ಸಿನಲ್ಲಿ ಸುಮಾರು ಮೂರು ತಾಸು. ದಾರಿಯ ಎರಡೂ ಬದಿ ಗೋಧಿ ಕೊಯ್ಲು ನಡೆದಿತ್ತು. ದುರ್ಗದ ಬಂಡೆಗಳ ನಡುವೆ ಬೆಳೆದ ಕಣ್ಣಿಗೆ ಒಂದು ಗುಡ್ಡವೂ ಕಾಣದ ಆ ಬಯಲು ಎಷ್ಟು ನೋಡಿದರೂ ಒಗ್ಗಲಿಲ್ಲ.

ಗಡಿಯಲ್ಲಿ ಭಾರತೀಯರಿಗೆ ವೀಸಾ ಬೇಕಿಲ್ಲ. ಆದರೆ ನಮ್ಮ ವಯಸ್ಸಿನವರ ಬಳಿ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಬೇಕು, ಆಧಾರ್ ಒಂದನ್ನೇ ನಂಬಿ ಹೊರಡಬಾರದು. ದುಡ್ಡಿನ ವಿಷಯ ಇನ್ನೂ ಮುಖ್ಯ. ನಾವು ಹೋದಾಗ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳಿಗೆ ಅಲ್ಲಿ ಮಾನ್ಯತೆ ಇರಲಿಲ್ಲ. ಬೀಗರು ಐನೂರರ ಕಟ್ಟು ತೆಗೆದಾಗ ಚಹಾ ಅಂಗಡಿಯ ಹೆಂಗಸು ಕೈ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಈಚೆಗೆ ಬಂದು, ಅಂಗಡಿಯಿಂದ ಅಂಗಡಿಗೆ ಅಲೆದು ನೂರರ ನೋಟು ಮಾಡಿಸುವಷ್ಟರಲ್ಲಿ ಸಂಜೆಯಾಯಿತು. ನಮ್ಮ ನೂರಕ್ಕೆ ಅವರ ನೂರ ಅರವತ್ತು ರೂಪಾಯಿ, ಈ ದರ ಬದಲಾಗುವುದಿಲ್ಲ. ಗಡಿ ದಾಟಿದ ಕೂಡಲೇ ಗಡಿಯಾರವನ್ನು ಕಾಲು ಗಂಟೆ ಮುಂದೆ ತಿರುಗಿಸಬೇಕು. ಭೈರಹವಾದಲ್ಲಿ ರಾತ್ರಿ ತಂಗಿದೆವು. ಸೊಳ್ಳೆ ವಿಪರೀತವಿತ್ತು.

ಗುರುವಾರ

ಈ ದಿನವೆಲ್ಲ ರಸ್ತೆಯದೇ. ಬುಟವಲ್‌ನಿಂದ ನಾರಾಯಣಘಾಟ್‌ವರೆಗೆ ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಟಾರು ಕಿತ್ತ ಜಾಗದಲ್ಲಿ ಧೂಳು ಎದ್ದು ಮುಂದಿನ ಲಾರಿಯೇ ಕಾಣುತ್ತಿರಲಿಲ್ಲ. ಬೀಗರು ಚಾಲಕನ ಹಿಂದಿನ ಆಸನ ಹಿಡಿದು ಕುಳಿತರು. ನನ್ನ ಕಡೆ ತಿರುಗಿ, "ಮೇಷ್ಟ್ರೇ, ಈ ಹುಡುಗನ ಕಾಲು ಬ್ರೇಕಿನ ಮೇಲೆ ಇರುವ ರೀತಿ ನೋಡಿ. ಒಂದು ಸಲವೂ ಒದೆಯುವುದಿಲ್ಲ, ಒತ್ತುತ್ತಾನೆ. ಇವನನ್ನು ನಂಬಿ ನಿದ್ದೆ ಮಾಡಬಹುದು" ಎಂದರು. ಹಾಗೆಂದವರು ತಾವು ಮಾತ್ರ ಕಣ್ಣು ಮುಚ್ಚಲಿಲ್ಲ.

ನಾರಾಯಣಘಾಟ್ ದಾಟಿ ಮುಗ್ಲಿಂಗ್ ಕಡೆ ತಿರುಗಿದ ಮೇಲೆ ತ್ರಿಶೂಲಿ ನದಿಯ ಕಣಿವೆ. ಒಂದು ಬದಿ ಕಡಿದು ನಿಲ್ಲಿಸಿದಂತಹ ಬೆಟ್ಟ, ಇನ್ನೊಂದು ಬದಿ ಆಳದಲ್ಲಿ ಬೂದು ಹಸಿರು ನೀರು. 2024ರ ಜುಲೈನಲ್ಲಿ ಇದೇ ರಸ್ತೆಯಲ್ಲಿ ಭೂಕುಸಿತಕ್ಕೆ ಸಿಕ್ಕಿ ಎರಡು ಬಸ್ಸುಗಳು ನದಿಗೆ ಕೊಚ್ಚಿಹೋಗಿದ್ದವು. ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ. ಬೇಸಿಗೆಯಲ್ಲೂ ಹಗಲಿನ ಬಸ್ಸನ್ನೇ ಹಿಡಿಯುವುದು ಒಳ್ಳೆಯದು.

ಊಟಕ್ಕೆ ನಿಲ್ಲಿಸಿದ ಕಡೆ ದಾಲ್ ಭಾತ್. ಕಂಚಿನ ತಟ್ಟೆಯ ನಡುವೆ ಅನ್ನದ ಗುಡ್ಡೆ, ಬಟ್ಟಲಲ್ಲಿ ತೆಳ್ಳನೆಯ ಬೇಳೆ, ಸಾಸಿವೆ ಸೊಪ್ಪಿನ ಪಲ್ಯ, ಆಲೂಗಡ್ಡೆ, ಗುಂದ್ರುಕ್ ಎಂಬ ಹುಳಿಯಿಟ್ಟು ಒಣಗಿಸಿದ ಸೊಪ್ಪಿನ ಸಾರು. ಗುಂದ್ರುಕ್‌ನ ಹುಳಿ ನನಗೆ ಬಹಳ ಹಿಡಿಸಿತು, ಮುದ್ದೆ ಇದ್ದಿದ್ದರೆ ಅದಕ್ಕೆ ಸರಿಜೋಡಿಯಾಗುತ್ತಿತ್ತು. ಬಡಿಸುವ ಹೆಂಗಸು ಅನ್ನ, ಬೇಳೆ ಖಾಲಿಯಾದಂತೆಲ್ಲ ಕೇಳದೆಯೇ ಹಾಕುತ್ತಿದ್ದಳು. ನನ್ನ ಹೆಂಡತಿ ಸಾಕೆಂದು ಕೈ ಅಡ್ಡ ಹಿಡಿದರೆ ಕೈಯ ಪಕ್ಕದಿಂದಲೇ ಬಡಿಸಿದಳು. ನಮ್ಮ ಚೀಲದ ಚಟ್ನಿಪುಡಿಯನ್ನು ಆಕೆಗೂ ಕೊಟ್ಟೆವು. ಬೆರಳಿಗೆ ಹಚ್ಚಿ ನೆಕ್ಕಿ, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನಷ್ಟು ಬೇಕೆಂದು ಕಾಗದದಲ್ಲಿ ಕಟ್ಟಿಸಿಕೊಂಡಳು.

ನಾಗಢುಂಗಾದ ಏರಿನಲ್ಲಿ ವಾಹನಗಳ ಸಾಲು ಕದಲಲಿಲ್ಲ. ಕಠ್ಮಂಡು ಕಣಿವೆಗೆ ಇಳಿಯುವಾಗ ಕತ್ತಲಾಗಿತ್ತು.

ಶುಕ್ರವಾರ

ಬೆಳಗ್ಗೆ ಎದ್ದು ಕಿಟಕಿ ತೆರೆದರೆ ಹಿಮದ ಬೆಟ್ಟಗಳ ಸುಳಿವೇ ಇಲ್ಲ. ಕಾಡಿಗೆ ಬಿದ್ದ ಬೆಂಕಿಯ ಹೊಗೆ ಕಣಿವೆಯಲ್ಲೆಲ್ಲ ತುಂಬಿ ಕಣ್ಣು ಉರಿಯುತ್ತಿತ್ತು. ಏಪ್ರಿಲ್‌ನಲ್ಲಿ ಹೋಗುವವರು ಮೂಗಿಗೆ ಕಟ್ಟಲು ಮಾಸ್ಕ್ ಒಯ್ಯಬೇಕು, ಹಿಮಾಲಯವೇ ಬೇಕೆನ್ನುವವರು ದೀಪಾವಳಿಯ ಆಸುಪಾಸಿನಲ್ಲಿ ಹೋಗಬೇಕು. ಪ್ರಯಾಣದ ದಣಿವು ಕಳೆದು ಹೊರಡುವಾಗ ಮಧ್ಯಾಹ್ನವಾಗಿತ್ತು.

ರಂಗಶಾಲೆ ಇರುವುದು ತ್ರಿಪುರೇಶ್ವರದಲ್ಲಿ, ಊರಿನ ನಟ್ಟನಡುವೆ. ಹತ್ತಿರದಲ್ಲೇ ಬಿಳಿಯ ಧರಹರಾ ಗೋಪುರ ಎದ್ದು ಕಾಣುತ್ತದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಹಳೆಯ ಧರಹರಾ ಬುಡದಿಂದ ಕುಸಿದುಬಿದ್ದಿತು, ಈಗಿನದು ಹೊಸದಾಗಿ ಕಟ್ಟಿದ್ದು. ಅದೇ ಕಂಪನದಲ್ಲಿ ರಂಗಶಾಲೆಯೂ ಜಖಂಗೊಂಡು ವರ್ಷಗಳ ಕಾಲ ಪಾಳುಬಿದ್ದಿತ್ತು. 2019ರ ಡಿಸೆಂಬರ್‌ನ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆಂದು ದುರಸ್ತಿ ಮಾಡಿ ತೆರೆದರು.

ಗೇಟಿನ ಬಳಿ ಕಾವಲುಗಾರ ತಡೆದ. ಒಳಗೆ ಬಿಡಲು ಪಕ್ಕದ ರಾಷ್ಟ್ರೀಯ ಕ್ರೀಡಾ ಪರಿಷತ್ತಿನ ಕಚೇರಿಯ ಒಪ್ಪಿಗೆ ಬೇಕು, ಶುಕ್ರವಾರ ಕಚೇರಿಗಳು ಮೂರು ಗಂಟೆಗೇ ಮುಚ್ಚುತ್ತವೆ, ಶನಿವಾರ ವಾರದ ರಜೆ, ಭಾನುವಾರ ಬನ್ನಿ ಎಂದ. ನಾವು ಹೋದಾಗ ನೇಪಾಳದಲ್ಲಿ ಭಾನುವಾರ ಕೆಲಸದ ದಿನವಾಗಿತ್ತು. ವಾರಾಂತ್ಯಕ್ಕೆ ಹೋಗುವವರು ರಜೆಯ ದಿನಗಳನ್ನು ವಿಚಾರಿಸಿಕೊಂಡು ಹೋಗಬೇಕು. ನಾನು ಬೇಸರಪಡಲಿಲ್ಲ. ಹೊರಗಿನಿಂದಲೇ ಗೋಡೆ ಬಳಸಿ ನಡೆದು ಒಂದೊಂದು ಬಾಗಿಲನ್ನೂ ನೋಡಿದೆ. ಬಾಗಿಲು ಒಳಕ್ಕೆ ತೆರೆಯುತ್ತದೆಯೋ ಹೊರಕ್ಕೋ, ಮುಂದೆ ಎಷ್ಟು ಜಾಗವಿದೆ, ಎದುರಿಗೆ ಅಂಗಡಿ ಇಟ್ಟಿದ್ದಾರೆಯೋ ಇಲ್ಲವೋ ಎಂಬುದು ಒಳಗಿನಿಂದ ಎಷ್ಟು ಕಾಣುತ್ತದೆಯೋ ಹೊರಗಿನಿಂದಲೂ ಅಷ್ಟೇ ಕಾಣುತ್ತದೆ.

ಹಿಂದಿನ ಬೀದಿಯ ಚಹಾ ಅಂಗಡಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಬೀಗರ ಹಿಂದಿ ಕೇಳಿ ಮಾತಿಗಿಳಿದರು. ಎಳೆಯ ವಯಸ್ಸಿನಲ್ಲಿ ಮುಂಬೈಯಲ್ಲಿ ದುಡಿದವರಂತೆ. ಇಬ್ಬರೂ ಒಂದಷ್ಟು ಹೊತ್ತು ದಾದರ್, ಸಯನ್ ಎಂದು ಹಳೆಯ ಬೀದಿಗಳಲ್ಲಿ ಓಡಾಡಿಬಂದರು. ನಾವು ಇಲ್ಲಿಗೆ ಬಂದ ಕಾರಣ ಕೇಳಿದಾಗ ನಾನು 1988 ಎಂದೆ. ಅವರು ಲೋಟ ಕೆಳಗಿಟ್ಟರು. ಅವರ ಪಂಚಾಂಗದಲ್ಲಿ ಅದು 2044ರ ಫಾಲ್ಗುಣ 29. ಆ ದಿನ ಅವರು ಒಳಗಿದ್ದರು.

ತ್ರಿಭುವನ್ ಚಾಲೆಂಜ್ ಶೀಲ್ಡ್ ಪಂದ್ಯಾವಳಿ, ಜನಕಪುರ ಸಿಗರೇಟು ಕಾರ್ಖಾನೆಯ ತಂಡಕ್ಕೂ ಬಾಂಗ್ಲಾದೇಶದ ಮುಕ್ತಿಜೋದ್ಧಾ ತಂಡಕ್ಕೂ ಪಂದ್ಯ. ಆಕಾಶ ಕಪ್ಪಾಗಿ ಬಿರುಗಾಳಿ ಎದ್ದು ಆಲಿಕಲ್ಲು ಬೀಳತೊಡಗಿತು. ಮೇಲ್ಛಾವಣಿ ಇದ್ದದ್ದು ಪಶ್ಚಿಮದ ಗ್ಯಾಲರಿಗೆ ಮಾತ್ರ. ಅತ್ತ ಓಡಿದವರನ್ನು ಪೊಲೀಸರು ಹಿಂದಕ್ಕಟ್ಟಿದರು. ಜನ ದಕ್ಷಿಣದ ಕಡೆಯ ಸುರಂಗದಂತಹ ದಾರಿಗೆ ನುಗ್ಗಿದರು. ಹೊರಗಿನ ಬಾಗಿಲಿಗೆ ಬೀಗ ಬಿದ್ದಿತ್ತು. ಮುಂದಿದ್ದವರಿಗೆ ಬಾಗಿಲು ಮುಚ್ಚಿದೆ ಎಂದು ಗೊತ್ತು, ಹಿಂದಿದ್ದವರಿಗೆ ಗೊತ್ತಿಲ್ಲ, ಅವರ ತಲೆಯ ಮೇಲೆ ಕಲ್ಲು ಬೀಳುತ್ತಿದೆ, ಅವರು ತಳ್ಳುತ್ತಲೇ ಇದ್ದಾರೆ. "ನಾನು ಮೆಟ್ಟಿಲಿನವರೆಗೂ ಹೋಗಲಾಗದೆ ಕುಳಿತಲ್ಲೇ ಚಪ್ಪಲಿಯನ್ನು ತಲೆಗೆ ಅಡ್ಡ ಹಿಡಿದುಕೊಂಡೆ. ಕಲ್ಲಿನ ಏಟಿಗೆ ಕೈ ಊದಿಕೊಂಡಿತು, ಅಷ್ಟೆ. ಸತ್ತವರೆಲ್ಲ ಅಲ್ಲಿ, ಬಾಗಿಲಿನ ಹತ್ತಿರ" ಎಂದು ಅವರು ಬೆರಳು ತೋರಿಸಿದರು. ಆಗಿನ ಶಿಕ್ಷಣ ಸಚಿವರು ರಾಜೀನಾಮೆ ಕೊಟ್ಟರು. ಸತ್ತವರಲ್ಲಿ ಒಬ್ಬ ಇವರ ಪಕ್ಕದ ಮನೆಯ ಹುಡುಗ. ನಮ್ಮ ಚಹಾದ ದುಡ್ಡನ್ನೂ ಅವರೇ ಕೊಟ್ಟರು, ಎಷ್ಟು ಹೇಳಿದರೂ ಕೇಳಲಿಲ್ಲ.

ಶನಿವಾರ

ಪಶುಪತಿನಾಥ ಹೆಂಗಸರ ಪಾಲಿನ ದಿನ. ರಜೆಯಾದ್ದರಿಂದ ಊರಿಗೆ ಊರೇ ಅಲ್ಲಿತ್ತು. ದೇವಸ್ಥಾನದ ಮುಖ್ಯ ಅರ್ಚಕರಾದ ಭಟ್ಟರು ದಕ್ಷಿಣದಿಂದ, ಅದರಲ್ಲೂ ನಮ್ಮ ಕರ್ನಾಟಕದಿಂದ ಹೋದವರು, ಈ ಪದ್ಧತಿ ಹಿಂದಿನಿಂದಲೂ ನಡೆದುಬಂದಿದೆ. ಸಾಲಿನಲ್ಲಿ ನಮ್ಮ ಹಿಂದೆ ಉಡುಪಿಯ ಕಡೆಯವರೊಂದು ಗುಂಪಿತ್ತು. ಅಷ್ಟು ದೂರ ಹೋಗಿ ಕನ್ನಡ ಕೇಳಿದ ಖುಷಿಗೆ ಬೀಗಿತ್ತಿ ಉಳಿದಿದ್ದ ರೊಟ್ಟಿಯನ್ನೆಲ್ಲ ಅವರಿಗೇ ಹಂಚಿಬಿಟ್ಟರು.

ಆ ಸಾಲಿನಲ್ಲಿ ನಿಂತಾಗ ನಾಯಕನಹಟ್ಟಿಯ ನೆನಪಾಯಿತು. ತಿಪ್ಪೇರುದ್ರಸ್ವಾಮಿಯ ದೊಡ್ಡ ರಥೋತ್ಸವಕ್ಕೆ ಫಾಲ್ಗುಣದಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಕೊಬ್ಬರಿ ಸುಡುವ ಹೊಗೆ, ತೇರಿನ ಹಗ್ಗಕ್ಕೆ ಕೈ ಹಾಕಲು ನುಗ್ಗುವ ಹುಡುಗರು. ಸ್ಕೌಟ್ ಮಕ್ಕಳ ಜೊತೆ ಅಲ್ಲಿ ಸೇವೆಗೆ ನಿಂತಾಗ ಒಂದು ಕಲಿತೆ. ಜನರನ್ನು ತಡೆದು ನಿಲ್ಲಿಸಲು ಹೋಗಬಾರದು, ಸರಿಯುತ್ತಿರುವಂತೆ ನೋಡಿಕೊಳ್ಳಬೇಕು. ನಿಧಾನವಾಗಿಯಾದರೂ ಸರಿಯುತ್ತಿರುವವರಿಗೆ ತಾಳ್ಮೆ ಇರುತ್ತದೆ. ಪಶುಪತಿಯ ಸಾಲು ಹಾಗೆ ಸರಿಯುತ್ತಲೇ ಇತ್ತು.

ಸಂಜೆ ಸುಂಧಾರಾದ ಶಹೀದ್ ಗೇಟಿಗೆ ಹೋದೆವು. ಕಮಾನಿನ ಮೇಲೆ ರಾಜ ತ್ರಿಭುವನನ ಜೊತೆ ನಾಲ್ವರು ಹುತಾತ್ಮರ ಮೂರ್ತಿಗಳಿವೆ. ರಾಜನನ್ನು ಹೆಸರಿಗಷ್ಟೇ ಇಟ್ಟು ತಾವೇ ಆಳುತ್ತಿದ್ದ ರಾಣಾ ಮನೆತನದ ಪ್ರಧಾನಿಗಳ ವಿರುದ್ಧ ನಿಂತದ್ದಕ್ಕೆ 1941ರ ಜನವರಿಯಲ್ಲಿ ಪ್ರಾಣ ತೆತ್ತವರು. ಶುಕ್ರರಾಜ ಶಾಸ್ತ್ರಿ ಮತ್ತು ಧರ್ಮಭಕ್ತ ಮಾಥೇಮಾ ಅವರನ್ನು ಗಲ್ಲಿಗೇರಿಸಿದರು. ಗಂಗಾಲಾಲ್ ಶ್ರೇಷ್ಠ ಮತ್ತು ದಶರಥ ಚಂದ್ ಅವರನ್ನು ವಿಷ್ಣುಮತಿ ನದಿಯ ದಂಡೆಯ ಶೋಭಾಭಗವತಿಯಲ್ಲಿ ಗುಂಡಿಟ್ಟು ಕೊಂದರು. ರಂಗಶಾಲೆಗೆ ಇಟ್ಟಿರುವುದು ಈ ದಶರಥ ಚಂದ್ ಹೆಸರನ್ನೇ. ಅವರು ನೇಪಾಳದ ಪಶ್ಚಿಮ ತುದಿಯ ಬೈತಡಿಯವರು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಧರ್ಮಭಕ್ತರ ಮೂರ್ತಿ. ಅವರು ವ್ಯಾಯಾಮದ ಗುರು, ನೇಪಾಳದಲ್ಲಿ ದೇಹದಾರ್ಢ್ಯಕ್ಕೆ ಅಡಿಪಾಯ ಹಾಕಿದವರು, ರಾಜನಿಗೇ ಕಸರತ್ತು ಕಲಿಸುತ್ತಿದ್ದವರು. ಮಕ್ಕಳಿಗೆ ಡ್ರಿಲ್ ಹೇಳಿಕೊಡುವವನೆಂದು ನಮ್ಮ ವೃತ್ತಿಯನ್ನು ಹಗುರವಾಗಿ ನೋಡಿದ ಎಷ್ಟೋ ಜನರ ಮುಂದೆ ಕೆಲಸ ಮಾಡಿದ್ದೇನೆ. ಒಂದು ದೇಶ ತನ್ನ ಹುತಾತ್ಮರ ಸಾಲಿನಲ್ಲಿ ಒಬ್ಬ ವ್ಯಾಯಾಮ ಶಿಕ್ಷಕನನ್ನು ಅಷ್ಟು ಎತ್ತರದಲ್ಲಿ ಇಟ್ಟಿರುವುದನ್ನು ಕಂಡು ಎದೆ ತುಂಬಿ ಬಂತು. ಕೈ ಮುಗಿದು ಬಂದೆ.

ರಾತ್ರಿ ಗುಡುಗಿ ಮಳೆ ಬಂತು. ತಗಡಿನ ಮಾಡುಗಳ ಮೇಲಿನ ಸದ್ದಿಗೆ ಯಾರಿಗೂ ನಿದ್ದೆ ಬರಲಿಲ್ಲ.

ಭಾನುವಾರ

ಕಚೇರಿಯಲ್ಲಿ ನಿವೃತ್ತ ದೈಹಿಕ ಶಿಕ್ಷಕ ಎಂದದ್ದೇ ಸಾಕಾಯಿತು. ಒಬ್ಬ ಯುವ ತರಬೇತುದಾರ ತಾನೇ ಬಂದು ಒಳಗೆ ಕರೆದೊಯ್ದ. ಮೊದಲು ಪಕ್ಕದ ಕವರ್ಡ್ ಹಾಲ್. ಅಲ್ಲಿ ಹುಡುಗಿಯರ ವಾಲಿಬಾಲ್ ಅಭ್ಯಾಸ ನಡೆದಿತ್ತು. 2017ರಲ್ಲಿ ನೇಪಾಳ ವಾಲಿಬಾಲ್ ಅನ್ನು ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿತು. ಗುಡ್ಡದ ಮೇಲಿನ ಹಳ್ಳಿಯಲ್ಲಿ ಫುಟ್‌ಬಾಲ್‌ಗೆ ಬೇಕಾದ ಸಮತಟ್ಟು ಎಲ್ಲಿಂದ ತರುವುದು, ವಾಲಿಬಾಲ್ ಆದರೆ ಒಂದು ಅಂಗಳ ಸಾಕು ಎಂದ ಆ ಹುಡುಗ. ನಮ್ಮ ಹಳ್ಳಿಗಳಲ್ಲೂ ವಾಲಿಬಾಲ್ ಉಳಿದಿರುವುದು ಇದೇ ಕಾರಣಕ್ಕೆ.

ರಂಗಶಾಲೆಯ ಗ್ಯಾಲರಿಗೆ ಹತ್ತಿ ನಿಂತಾಗ ರಾತ್ರಿಯ ಮಳೆಗೆ ಹುಲ್ಲು ಇನ್ನೂ ಒದ್ದೆಯಿತ್ತು, ಹೊಗೆ ಸ್ವಲ್ಪ ತೆಳುವಾಗಿತ್ತು. ಸುಮಾರು 15,000 ಜನ ಕೂರುವ ಜಾಗ. ಫುಟ್‌ಬಾಲ್ ಅಂಗಳದ ಸುತ್ತ ಓಟದ ಟ್ರ್ಯಾಕ್. ದೆಹಲಿ, ಕೋಲ್ಕತ್ತದ ಮೈದಾನಗಳ ಪಕ್ಕದಲ್ಲಿ ಇದು ಚಿಕ್ಕದೇ. ಆದರೆ 1984ರಲ್ಲಿ ಮೊಟ್ಟಮೊದಲ ದಕ್ಷಿಣ ಏಷ್ಯಾ ಕ್ರೀಡಾಕೂಟ ನಡೆದದ್ದು ಇಲ್ಲಿ. ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಮ್ಯಾರಥಾನ್ ಓಡಿದ ಬೈಕುಂಠ ಮಾನಂಧರ್ ಈ ದೇಶದವರು. 2019ರ ಕೂಟದಲ್ಲಿ ಸಂತೋಷಿ ಶ್ರೇಷ್ಠ 10,000 ಮೀಟರ್ ಓಟದ ಚಿನ್ನ ಗೆದ್ದದ್ದು ಇದೇ ಟ್ರ್ಯಾಕಿನಲ್ಲಿ. ತರಬೇತುದಾರ ಆ ಓಟದ ಕೊನೆಯ ಸುತ್ತನ್ನು ಕೈಯಾಡಿಸಿ ವಿವರಿಸುತ್ತಿದ್ದರೆ ಬೀಗರೂ ಆಸನದ ಅಂಚಿಗೆ ಬಂದು ಕುಳಿತಿದ್ದರು. ಕೆಳಗೆ ಐದಾರು ಹುಡುಗಿಯರು ಮೊಣಕಾಲು ಎತ್ತಿ ಓಡುವ ಅಭ್ಯಾಸದಲ್ಲಿದ್ದರು. ಒಬ್ಬಳ ಭುಜ ಬಿಗಿಯಾಗಿತ್ತು. ಹೇಳದೆ ಇರಲಾಗಲಿಲ್ಲ, ಇಳಿದು ಹೋಗಿ ಸನ್ನೆಯಲ್ಲೇ ತೋರಿಸಿದೆ. ಮುಂದಿನ ಓಟದಲ್ಲಿ ಅವಳು ಭುಜ ಸಡಿಲ ಬಿಟ್ಟು ಓಡಿ, ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದಳು.

ದಕ್ಷಿಣದ ಕಡೆಗೆ ಕರೆದೊಯ್ಯಲು ಕೇಳಿದೆ. ಆ ಹುಡುಗ ಹುಟ್ಟುವ ಎಷ್ಟೋ ಮೊದಲಿನ ಸಂಗತಿ ಅದು, ಆದರೂ ಅವನಿಗೆ ಎಲ್ಲವೂ ಗೊತ್ತಿತ್ತು. ಪಂದ್ಯಗಳ ದಿನ ಒಂದೊಂದು ಬಾಗಿಲಿಗೂ ಸ್ವಯಂಸೇವಕರನ್ನು ನಿಲ್ಲಿಸುವಾಗ ಹಿರಿಯರು ಈ ಕಥೆ ಹೇಳಿಯೇ ಕಳಿಸುತ್ತಾರಂತೆ. ನಾವು ನಾಲ್ವರೂ ಮೆಟ್ಟಿಲ ಮೇಲೆ ಸಾಲಾಗಿ ನಿಂತು, ಒಬ್ಬರಿಗೊಬ್ಬರು ತಾಗದೆ ಇಳಿಯಲಾಗುತ್ತದೆಯೇ ಎಂದು ಇಳಿದು ನೋಡಿದೆವು. ಹೆಂಗಸರಿಗೆ ನಗು ಬಂತು. ಆಮೇಲೆ ಬೀಗಿತ್ತಿ ತಾವಾಗಿಯೇ, "ಅಣ್ಣಾ, ಇದೇ ಮೆಟ್ಟಿಲನ್ನು ಓಡಿ ಇಳಿಯಬೇಕಾದರೆ ನನ್ನಂಥವಳ ಗತಿ ಏನು?" ಎಂದರು. ಮೊಣಕಾಲು ನೋವಿನ ಅವರು ಕೈಹಿಡಿ ಹುಡುಕುತ್ತಿದ್ದುದನ್ನು ನಾನು ಆಗಲೇ ಗಮನಿಸಿದ್ದೆ. ಓಡಬಲ್ಲವರ ಲೆಕ್ಕದಲ್ಲೇ ಇಷ್ಟು ವರ್ಷ ಯೋಚಿಸಿದ್ದ ನನಗೆ ಆ ಪ್ರಶ್ನೆಯಿಂದ ತುಂಬ ಸಿಕ್ಕಿತು.

ಊರಿಗೆ ಬಂದ ಮೇಲೆ

ವಾಪಸು ಬಂದದ್ದು ಅದೇ ದಾರಿಯಲ್ಲಿ. ಮೇ ತಿಂಗಳಲ್ಲಿ ಪಕ್ಕದ ಹಳ್ಳಿಯ ಹುಡುಗರು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇಟ್ಟುಕೊಂಡರು. ಟಿಕೆಟ್ ಇಲ್ಲದೆ ಯಾರೂ ನುಸುಳಬಾರದೆಂದು ಸುತ್ತ ತಗಡು ಹೊಡೆದು ಒಂದೇ ಬಾಗಿಲು ಬಿಟ್ಟಿದ್ದರು. ಒಳಗೆ ಬಿದಿರು ಹಲಗೆಯ ಗ್ಯಾಲರಿ. ನಾನೂ ಬೀಗರೂ ಹೋಗಿ ಮಾತಾಡಿದೆವು. ಟಿಕೆಟ್ ದುಡ್ಡು ಹೋಗುತ್ತದೆ ಎಂದು ಹುಡುಗರು ಒಪ್ಪಲಿಲ್ಲ. ಬೀಗರು ಬಸ್ಸಿನ ತುರ್ತು ಬಾಗಿಲಿನ ಮಾತು ತೆಗೆದರು. "ಒಂದು ಸಲವೂ ಅದನ್ನು ತೆರೆಯಬೇಕಾಗಿ ಬರಲಿಲ್ಲ. ಆದರೆ ಪ್ರತಿ ಪಾಳಿಯಲ್ಲೂ ಬಸ್ಸು ತೆಗೆಯುವ ಮೊದಲು ತೆರೆದು ನೋಡುತ್ತಿದ್ದೆ" ಎಂದರು. ಕೊನೆಗೆ ಹಿಂದಿನ ಎರಡು ತಗಡು ಬಿಚ್ಚಿ ಅಲ್ಲೊಬ್ಬ ಹುಡುಗನನ್ನು ನಿಲ್ಲಿಸಲು ಒಪ್ಪಿದರು. ಪಂದ್ಯ ಚೆನ್ನಾಗಿಯೇ ನಡೆಯಿತು.

ಜೂನ್ 4ರಂದು ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು. ಟೀವಿಯಲ್ಲಿ ಗೇಟಿನ ಮುಂದೆ ಬಿದ್ದಿದ್ದ ಚಪ್ಪಲಿಗಳ ರಾಶಿ ತೋರಿಸುತ್ತಿದ್ದರು. ನಾನು ಎದ್ದುಹೋಗಿ ಈ ಪ್ರವಾಸದ ಟಿಪ್ಪಣಿ ಪುಸ್ತಕ ಹುಡುಕಿದೆ, ಬರೆಯತೊಡಗಿದ್ದು ಆ ರಾತ್ರಿಯೇ.

ಆ ಹಳ್ಳಿಯ ಹುಡುಗ ಫೋನ್ ಮಾಡಿದ್ದ. ದಸರಾಕ್ಕೆ ಮತ್ತೆ ಕಬಡ್ಡಿ ಇಡುತ್ತಾರಂತೆ. "ಸರ್, ಹಿಂದಿನ ಬಾಗಿಲು ಎಷ್ಟು ಅಗಲ ಬಿಡಬೇಕು?" ಎಂದು ಕೇಳಿದ. ಎತ್ತಿನ ಗಾಡಿ ಸಲೀಸಾಗಿ ತಿರುಗುವಷ್ಟು ಬಿಡಿ, ತಗಡು ಹೊಡೆಯಬೇಡಿ, ಹಗ್ಗ ಕಟ್ಟಿ, ಹಗ್ಗಕ್ಕೆ ಗಂಟು ಹಾಕಬೇಡಿ, ಕೈಯಲ್ಲಿ ಹಿಡಿದು ನಿಲ್ಲಲು ಒಬ್ಬನನ್ನು ಇಡಿ ಎಂದೆ. ಗ್ಯಾಲರಿಯ ಮೆಟ್ಟಿಲಿಗೆ ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿಸಲು ಹೇಳಿದೆ. ಮುಂದಿನ ಭಾನುವಾರ ಬೀಗಿತ್ತಿಯನ್ನೇ ಕರೆದುಕೊಂಡು ಹೋಗಿ ಹತ್ತಿ ಇಳಿದು ನೋಡುತ್ತೇವೆ.